ಚಿಕ್ಕಮಾದಯ್ಯನ ಆರು ಮಾತು

ಚಿಕ್ಕಮಾದಯ್ಯನವರು ನಮ್ಮ ಪಶು ಆಸ್ಪತ್ರೆಯ ಡಿ ಗ್ರೂಪ್ ನೌಕರರು. ಕಾಗದದ ಪ್ರಕಾರ ಅವರ ಕೆಲಸ ಬಾಗಿಲು ತೆಗೆಯುವುದು, ನೆಲ ಒರೆಸುವುದು, ಐಸ್ ಡಬ್ಬಿಯಲ್ಲಿ ಲಸಿಕೆ ಹೊತ್ತು ತರುವುದು, ನಾನು ಸೂಜಿ ಚುಚ್ಚುವಾಗ ದನದ ಮೂಗುದಾರ ಹಿಡಿಯುವುದು. ಊರಿನವರ ಪ್ರಕಾರ ಅವರೇ ಡಾಕ್ಟರು. ಮೈಸೂರಿನಿಂದ ಬಂದ ನಾನು ಸಹಿ ಹಾಕುವುದಕ್ಕೆ ಇರುವ ಹುಡುಗಿ. ಮೊದಲ ವರ್ಷ ಇದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂರನೆಯ ವರ್ಷದ ಹೊತ್ತಿಗೆ ಉರಿಯುವುದಕ್ಕೂ ತ್ರಾಣ ಉಳಿದಿರಲಿಲ್ಲ.

ನಮ್ಮದು ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಊರು. ಬಿಸಿಲಿನ ಸೀಮೆ ಎಂದುಕೊಂಡು ನಾನು ಒಂದು ಸ್ವೆಟರ್ ಕೂಡ ತಂದಿರಲಿಲ್ಲ. ಮಾರ್ಗಶಿರ ಬಂದಾಗ ಗೊತ್ತಾಯಿತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬೀಸುವ ಗಾಳಿ ನೇರವಾಗಿ ಮೂಳೆಗೆ ಇಳಿಯುತ್ತದೆ, ಎಂಟು ಗಂಟೆಯಾದರೂ ಅವರೆ ಹೊಲದ ಮೇಲೆ ಮಂಜು ಕೂತೇ ಇರುತ್ತದೆ. ಮಾರ್ಗಶಿರ, ಪುಷ್ಯ ಎರಡು ತಿಂಗಳು ನಮ್ಮ ಆಸ್ಪತ್ರೆಗೆ ದನಗಳಿಗಿಂತ ನಾಯಿ, ಬೆಕ್ಕುಗಳೇ ಹೆಚ್ಚು. ಹೊಲ ಕಾಯಲು ರಾತ್ರಿಯೆಲ್ಲ ಇಬ್ಬನಿಯಲ್ಲಿ ಕಟ್ಟಿಹಾಕಿದ ಮುದಿ ನಾಯಿಗಳು ಬೆಳಿಗ್ಗೆ ಹಿಂಗಾಲು ಎತ್ತಲಾರದೆ ಬರುತ್ತವೆ. ಚರಂಡಿಯ ಪಕ್ಕ ಹುಟ್ಟಿದ ಮರಿಗಳನ್ನು ಶಾಲೆಯ ಮಕ್ಕಳು ಚೀಲದಲ್ಲಿ ಹಾಕಿಕೊಂಡು ತರುತ್ತಾರೆ. ಕಣ್ಣು ಮೂಗು ಕಟ್ಟಿದ ಬೆಕ್ಕುಗಳು ಬರುತ್ತವೆ. ತಂದವರೆಲ್ಲರಿಗೂ ಚಿಕ್ಕಮಾದಯ್ಯನವರು ಅದೇ ಆರು ಮಾತು ಹೇಳುತ್ತಾರೆ.

"ಒಂದು, ನೆಲ ಒದ್ದೆ ಇರಬಾರ್ದು. ಎರಡು, ಗೋಣಿಚೀಲ ಎರಡು ಮಡಿಕೆ ಆಸಿ, ದಿನಾ ಬಿಸ್ಲಿಗಾಕಿ. ಮೂರು, ಈ ಚಳೀಲಿ ಮೀಯಿಸ್‌ಬ್ಯಾಡಿ. ನಾಕು, ಒಂದಿಡಿ ಅನ್ನ ಎಚ್ಗೆ ಆಕಿ. ಐದು, ಕುಡಿಯಕ್ಕೆ ಬೆಚ್ಗಿರೋ ನೀರು. ಆರು, ಮನುಸರ ಮಾತ್ರೆ ಕೊಡ್‌ಬ್ಯಾಡಿ, ಅದ್ರಲ್ಲೂ ಬೆಕ್ಕಿಗೆ ಕೊಡ್ಲೇಬ್ಯಾಡಿ."

ಹೀಗೆ ಬೆರಳು ಮಡಿಸುತ್ತಾ ಮೂವತ್ತು ವರ್ಷ ಹೇಳಿದ್ದಾರೆ. ಮೊದಲು ಕುದೇರಿನ ಕಡೆ, ಆಮೇಲೆ ಇಲ್ಲಿ. ಕೇಳುವವರು ಮೂರನೆಯದಕ್ಕೆ ಬರುವಾಗಲೇ "ಆಯ್ತು ಬುಡಿ" ಎಂದು ನಾಯಿಯ ಹಗ್ಗ ಎಳೆದುಕೊಂಡು ಹೊರಟಿರುತ್ತಾರೆ. ಅವರು ಮಾತ್ರ ನಿಲ್ಲಿಸುವುದಿಲ್ಲ. ಎಷ್ಟೋ ಸಲ ಐದನೆಯದನ್ನೂ ಆರನೆಯದನ್ನೂ ಖಾಲಿ ಬಾಗಿಲಿಗೆ ಹೇಳಿದ್ದನ್ನು ನಾನೇ ಕಂಡಿದ್ದೇನೆ.

"ಯಾಕೆ ಹೇಳ್ತೀರಿ, ಯಾರೂ ಕೇಳಲ್ವಲ್ಲ" ಎಂದು ಒಮ್ಮೆ ರೇಗಿದೆ.

"ಬಾಯಿಪಾಠ ಆಗೋಗದೆ ಮೇಡಂ. ಸುರು ಮಾಡಿದ್ರೆ ಮುಗಿಯೋಗಂಟ ನಿಲ್ಲಕ್ಕಿಲ್ಲ" ಎಂದರು. ನಗಲಿಲ್ಲ. ನಗುವ ಜನವೇ ಅಲ್ಲ ಅವರು.

ಬೆಳಿಗ್ಗೆ ಆರಕ್ಕೆ ಟಿವಿಎಸ್ ಹತ್ತಿದರೆ ಸಂಜೆ ಆರಕ್ಕೆ ಮನೆ. ಸೊಂಟ ಹಿಡಿದಿತ್ತು, ಎಡಗೈಯ ಎರಡು ಬೆರಳು ಯಾವುದೋ ಹೋರಿ ತುಳಿದು ಸೊಟ್ಟಗಾಗಿದ್ದವು. ಮೇಲುಬೀದಿಯ ಮನೆಗಳಿಗೆ ಹೋಗುವಾಗ ಹಿತ್ತಲ ಬಾಗಿಲಿಂದಲೇ ಹೋಗುತ್ತಿದ್ದರು. "ಕೊಟ್ಗೆ ಇರದು ಇತ್ಲಲ್ಲಿ ತಾನೆ" ಎಂದು ನಾನು ಕೇಳುವ ಮೊದಲೇ ಹೇಳಿದ್ದರು. ಕೊಟ್ಟಿಗೆಯಲ್ಲಿರದ ನಾಯಿ, ಬೆಕ್ಕುಗಳಿಗೂ ಅದೇ ಬಾಗಿಲು.

ಆ ಮೂರು ವರ್ಷದಲ್ಲಿ ನನ್ನನ್ನು ಕಾಡಿದ ಒಂದು ಸಂಗತಿ ಇತ್ತು. ನಮ್ಮ ಸುತ್ತಿನ ಹನ್ನೊಂದು ಹಳ್ಳಿಗಳಲ್ಲಿ ಬೆಕ್ಕುಗಳು ಹೆಚ್ಚಾಗಿ ಸಾಯುತ್ತಿದ್ದದ್ದು ಆಸ್ಪತ್ರೆ ಇರುವ ಈ ಊರಿನಲ್ಲೇ. ಮುಖ ಊದಿ, ಉಸಿರು ಕಟ್ಟಿ ಸತ್ತವು ಎಂದು ಜನ ಎರಡು ದಿನ ಬಿಟ್ಟು ಬಂದು ಹೇಳುತ್ತಿದ್ದರು. ಏನೋ ಅಂಟುಜಾಡ್ಯ ಇರಬೇಕೆಂದು ನಾನು ಮೇಲಿನ ಕಚೇರಿಗೆ ಎರಡು ಕಾಗದ ಬರೆದೆ. ಚಿಕ್ಕಮಾದಯ್ಯನವರು ಮಾತ್ರ, "ಚಳಿ ಮೇಡಂ, ಏನೂ ಇಲ್ಲ, ಚಳಿ" ಎನ್ನುತ್ತಿದ್ದರು. ಮೂವತ್ತು ವರ್ಷದ ಅನುಭವದ ಮುಂದೆ ನನ್ನ ಪುಸ್ತಕ ಎಷ್ಟರದು ಎಂದು ಸುಮ್ಮನಾಗುತ್ತಿದ್ದೆ.

ಕಳೆದ ಪುಷ್ಯದ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯ ಹೊತ್ತು. ಚಿಕ್ಕಮಾದಯ್ಯನವರು ಪಕ್ಕದ ಹಳ್ಳಿಗೆ ಕಾಲುಬಾಯಿ ಜ್ವರದ ಲಸಿಕೆ ತೆಗೆದುಕೊಂಡು ಹೋಗಿದ್ದರು. ಅವರ ಹೆಂಡತಿ ಮೂಗಮ್ಮ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ನಾನು ಅವರನ್ನು ದೂರದಿಂದ ನೋಡಿದ್ದೆನೇ ಹೊರತು ಮಾತಾಡಿಸಿದವಳಲ್ಲ. ಸೆರಗು ಬಿಚ್ಚಿದರೆ ಬೂದು ಬಣ್ಣದ ಬೆಕ್ಕು. ಬಾಯಿ ತೆರೆದು ಉಸಿರಾಡುತ್ತಿತ್ತು.

"ನಮ್ಮ ಬೂದಿ ಕಣವ್ವ" ಎಂದರು.

ಬೂದಿ ಎನ್ನುವುದು ಬೆಕ್ಕಿನ ಹೆಸರು. ಹುಟ್ಟಿದಾಗಿನಿಂದ ಬಚ್ಚಲ ಒಲೆಯ ಬೂದಿಯಲ್ಲೇ ಮಲಗಿ ಬೆಳೆದದ್ದಂತೆ. ದೀಪಾವಳಿಗೆ ಮೊದಲು ಮಗ ಸಿದ್ದಾರ್ಥ, ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸಕ್ಕಿರುವವನು, ಗ್ಯಾಸ್ ಗೀಸರ್ ಹಾಕಿಸಿ ಹಂಡೆ ಒಲೆ ಒಡೆಸಿದ. ಮನೆಗೆಲ್ಲ ಬಿಸಿನೀರು ಬಂತು, ಬೆಕ್ಕಿನ ಹಾಸಿಗೆ ಹೋಯಿತು. ಆಮೇಲೆ ಅದು ಬಚ್ಚಲ ಸಿಮೆಂಟಿನ ಮೇಲೆ, ಒಲೆ ಇದ್ದ ಜಾಗದಲ್ಲೇ ಮಲಗುತ್ತಿತ್ತು. ಊರಿಗೆಲ್ಲ ಗೋಣಿಚೀಲ ಹಾಸಿಸಿದವರ ಮನೆಯಲ್ಲಿ ಆ ಬೆಕ್ಕಿಗೆ ಒಂದು ತುಂಡು ಬಟ್ಟೆ ಇರಲಿಲ್ಲ. ದೀಪದ ಕೆಳಗೆ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅದಕ್ಕೆ ಶೀತವಾಗಿ ಮೂರು ದಿನವಾಗಿತ್ತು. ಆದರೆ ಇದು ಶೀತವಲ್ಲ. ಮುಖ ಊದಿತ್ತು, ಪಾದ ಊದಿದ್ದವು. ತುಟಿ ಎತ್ತಿ ನೋಡಿದೆ, ಒಸಡು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

"ಏನಾದ್ರೂ ಕೊಟ್ರಾ ಇದಕ್ಕೆ?"

"ಊಂ, ಮಾತ್ರೆ ಕೊಟ್ಟಿವ್ನಿ. ನೆನ್ನೆ ಸಂಜೆ ಅರ್ಧ, ಬೆಳಿಗ್ಗೆ ಅರ್ಧ. ಬೆಲ್ಲದ ನೀರಲ್ಲಿ ತೇದು."

"ಯಾವ ಮಾತ್ರೆ?"

"ಜ್ವರದ್ದು. ನಮ್ಗೆ ಆಸ್ಪತ್ರೇಲಿ ಕೊಡ್ತರಲ್ಲ, ಬಿಳೀದು."

ನನಗೆ ಸಿಟ್ಟು ನೆತ್ತಿಗೇರಿತು. ಆ ಮಾತ್ರೆ ಬೆಕ್ಕಿಗೆ ವಿಷ. ಬೆಕ್ಕಿನ ಮೈ ಅದನ್ನು ಅರಗಿಸಲಾರದು, ರಕ್ತವೇ ಕೆಟ್ಟು ಉಸಿರು ನಿಲ್ಲುತ್ತದೆ. "ನಿಮ್ಮ ಯಜಮಾನ್ರು ಮೂವತ್ತು ವರ್ಷದಿಂದ ಊರಿಗೆಲ್ಲ ಇದನ್ನೇ ಬಡ್ಕೋತಿದಾರಲ್ಲ, ಮನುಷ್ಯರ ಮಾತ್ರೆ ಕೊಡಬೇಡಿ ಅಂತ! ನಿಮಗೆ ಹೇಳಿಲ್ವಾ?" ಎಂದು ಕಿರುಚಿಬಿಟ್ಟೆ.

ಮೂಗಮ್ಮ ಗಾಬರಿಯಿಂದ ನನ್ನನ್ನೇ ನೋಡಿದರು. "ಅವ್ರು ಮನೇಲಿ ಮಾತಾಡಕ್ಕಿಲ್ಲ ಕಣವ್ವ. ಬತ್ತಾರೆ, ಉಣ್ತಾರೆ, ಮನಿಕ್ಕತಾರೆ. ಎಲ್ಲಾ ಮಾತೂ ಆಚೆಗೇ ಆಗೋಗಿರ್ತದಲ್ಲ."

ನಾನು ಚಿಕ್ಕಮಾದಯ್ಯನವರಿಗೆ ಫೋನು ಮಾಡಿದೆ. ಗುಂಡ್ಲುಪೇಟೆಗೆ ಹೋಗಿ ಮೆಡಿಕಲ್ ಸ್ಟೋರಿನಿಂದ ಕಫ ಕರಗಿಸುವ ಮಾತ್ರೆ ತನ್ನಿ, ನೀರಿಗೆ ಹಾಕಿದರೆ ಬುಸ್ ಎನ್ನುತ್ತದಲ್ಲ, ಅದು ಎಂದೆ. ಆ ವಿಷಕ್ಕೆ ನಮಗೆ ಸಿಗುವ ಮದ್ದು ಅದೊಂದೇ. ಮನುಷ್ಯರ ಮಾತ್ರೆ ಕೊಟ್ಟದ್ದಕ್ಕೆ ಕಿರುಚಿದವಳು ಮನುಷ್ಯರ ಮಾತ್ರೆಯನ್ನೇ ತರಿಸುತ್ತಿದ್ದೆ. ಯಾರ ಬೆಕ್ಕು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರು ಬರುವವರೆಗೆ ಬೆಕ್ಕನ್ನು ನನ್ನ ಸ್ವೆಟರಿನಲ್ಲಿ ಸುತ್ತಿ, ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟೆ. ಮೂಗಮ್ಮ ನೆಲದ ಮೇಲೆ ಕುಳಿತು ಅದರ ಕಿವಿ ಸವರುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಮ್ಮಷ್ಟಕ್ಕೇ ಎಂಬಂತೆ, "ಯಾವಾಗ್ಲೂ ಕೊಡದೇ ಕಣವ್ವ. ಇದ್ಯಾಕೆ ಇಂಗಾಯ್ತೋ" ಎಂದರು.

ನಾನು ಅವರ ಕಡೆ ತಿರುಗಿದೆ. "ಯಾವಾಗ್ಲೂ ಅಂದ್ರೆ? ಯಾರಿಗೆ ಕೊಡ್ತೀರಿ?"

ಆಗ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಅಷ್ಟು ಭಯದ ನಡುವೆಯೂ ಒಂದು ಹೆಮ್ಮೆ ಇಣುಕಿತು. ಐದು ವರ್ಷದ ಕೆಳಗೆ ಮೇಲುಬೀದಿಯ ದೊಡ್ಡಮಲ್ಲಮ್ಮನವರ ನಾಯಿಗೆ ಜ್ವರ ಬಂದಿತ್ತು. ಚಿಕ್ಕಮಾದಯ್ಯನವರು ಊರಲ್ಲಿರಲಿಲ್ಲ. ದೊಡ್ಡಮಲ್ಲಮ್ಮ ಕೇರಿಯ ಮೂಲೆಯಲ್ಲಿ ನಿಂತು, "ಏ ಇವಳೇ, ನಿನ್ ಗಂಡ ಇಂಥದ್ದಕ್ಕೆ ಏನ್ ಕೊಡ್ತಾನೆ?" ಎಂದು ಕೂಗಿದರು. ಅಷ್ಟು ವರ್ಷ ಆಕೆಯ ಹೊಲದಲ್ಲಿ ಕಳೆ ಕಿತ್ತಿದ್ದರೂ ಮೂಗಮ್ಮನಿಗೆ ಆ ಬಾಯಲ್ಲಿ ಹೆಸರಿರಲಿಲ್ಲ. ಗೊತ್ತಿಲ್ಲ ಎನ್ನಲು ಮನಸ್ಸಾಗಲಿಲ್ಲ. ಮನೆಯಲ್ಲಿದ್ದ ಜ್ವರದ ಮಾತ್ರೆ ಅರ್ಧ ಮುರಿದು ಕೊಟ್ಟರು. ನಾಯಿ ಮಾರನೆಯ ದಿನ ಎದ್ದು ಓಡಾಡಿತು. ಕೊಡದಿದ್ದರೂ ಏಳುತ್ತಿತ್ತೇನೋ. ಆದರೆ ಅಲ್ಲಿಂದ ಹೆಸರಾಯಿತು. ಗಂಡಸು ಮನೆಯಲ್ಲಿಲ್ಲದಾಗ ಹೆಂಗಸರು ಬರತೊಡಗಿದರು. ದೊಡ್ಡಮಲ್ಲಮ್ಮ ಈಗ ಮೂಲೆಯಲ್ಲಿ ನಿಲ್ಲುತ್ತಿರಲಿಲ್ಲ, ಮನೆ ಬಾಗಿಲವರೆಗೆ ಬಂದು "ಮೂಗಮ್ಮಾ, ಮಾತ್ರೆ ಅದಾ?" ಎನ್ನುತ್ತಿದ್ದರು.

"ಬೆಕ್ಕಿಗೂ ಕೊಟ್ರಾ?"

"ಕೊಟ್ಟಿವ್ನಿ. ಮಲ್ಲಿಗಮ್ಮಂದು, ಗುರುಮಲ್ಲಯ್ಯನೋರ ಮನೇದು, ದೊಡ್ಡಮಲ್ಲಮ್ಮೋರ್ದು. ಇನ್ನೂ ಸುಮಾರು."

"ಅವೆಲ್ಲ ಹುಷಾರಾದ್ವಾ?"

"ಆಗಿರ್ಬೇಕು ಕಣವ್ವ. ಆ ಬೆಕ್ಕಿಗೆ ಅಂತ ಮತ್ತೆ ಯಾರೂ ಬರ್ನಿಲ್ಲ."

ನಾನು ಎದ್ದು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಮೇಲಿನ ಕಚೇರಿಗೆ ಬರೆದ ಎರಡು ಕಾಗದ ನೆನಪಾದವು. ಅಂಟುಜಾಡ್ಯವೂ ಅಲ್ಲ, ಚಳಿಯೂ ಅಲ್ಲ.

ಚಿಕ್ಕಮಾದಯ್ಯನವರು ಬಂದಾಗ ಜಗಲಿಯಲ್ಲೇ ತಡೆದು ಎಲ್ಲ ಹೇಳಿದೆ. ಮೆತ್ತಗೆ ಹೇಳಬಹುದಿತ್ತು. ನನಗೆ ಮೆತ್ತಗೆ ಹೇಳುವುದು ಬರುವುದಿಲ್ಲ. ಅವರು ಔಷಧಿಯ ಪೊಟ್ಟಣ ನನ್ನ ಕೈಗೆ ಕೊಟ್ಟು, ಹಾಗೆಯೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ಊರಿಗೆಲ್ಲ ಏಳ್ದೆ. ಮನೇಲಿ ಏಳ್ನಿಲ್ಲ" ಎಂದರು. "ಸಂಜೆ ಓಗೋ ಒತ್ಗೆ ಬಾಯಿ ತೆರೆಯಕ್ಕೇ ಆಗಕ್ಕಿಲ್ಲ ಮೇಡಂ ನಂಗೆ. ಅವಳು ಏನೋ ಏಳಕ್ಕೆ ಬತ್ತಾಳೆ, ನಾನು ಊಂ ಅಂತೀನಿ. ಅಷ್ಟೇಯ."

ಆಮೇಲೆ ತಲೆ ಎತ್ತದೆ ಕೇಳಿದರು. "ಬೇರೆ ಬೆಕ್ಕುಗಳ ಇಚಾರ ಅವಳ್ಗೆ ಏಳುದ್ರಾ?"

"ಇಲ್ಲ."

"ಏಳ್‌ಬ್ಯಾಡಿ. ಕೈ ಮುಗೀತಿನಿ. ಆ ಬೀದಿಯೋರು ಅವಳ್ನ ಎಸ್ರಿಡ್ದು ಕರೆಯಂಗಾಗಿದ್ದೇ ಅದ್ರಿಂದ. ನನ್ನ ಸರ್ವೀಸೆಲ್ಲ ಸೇರ್ಸುದ್ರೂ ನಂಗೆ ಅಷ್ಟು ಸಿಕ್ಕಿಲ್ಲ."

ಔಷಧಿಯನ್ನು ನೀರಿನಲ್ಲಿ ಕರಗಿಸಿ ಸಿರಿಂಜಿನಿಂದ ಬಾಯಿಗೆ ಬಿಟ್ಟೆವು. ಚಿಕ್ಕಮಾದಯ್ಯನವರು ಬೆಕ್ಕಿನ ತಲೆ ಹಿಡಿದುಕೊಂಡರು. ಹೆಂಡತಿಯನ್ನು ಬೈಯಲಿಲ್ಲ. "ಇದು ಬೆಕ್ಕಿಗೆ ಆಗಕ್ಕಿಲ್ಲ ಕಣಮ್ಮಿ, ಈ ಮಾತ್ರೆ" ಎಂದಷ್ಟೇ ಹೇಳಿದರು.

ಮೂಗಮ್ಮ ಸೆರಗಿನಿಂದ ಬೆಕ್ಕಿನ ಬಾಯಿ ಒರೆಸಿದರು. ಆಮೇಲೆ ಕೇಳಿದರು. "ಅಂಗಾರೆ ದೊಡ್ಡಮಲ್ಲಮ್ಮೋರ ಬೆಕ್ಕು? ಅದು ಸತ್ತೋಯ್ತು ಅಂತ ಯಾರೋ ಅಂದ್ರು. ಕಾಯ್ಲೆ ವಾಸಿಯಾದ ಮ್ಯಾಲೆ ಬ್ಯಾರೆ ಏನೋ ಆಗಿರ್ಬೇಕು ಅಂದ್ಕಂಡಿದ್ದೆ."

"ಅದು ಚಳಿಗೆ" ಎಂದರು ಚಿಕ್ಕಮಾದಯ್ಯ.

ಮೂಗಮ್ಮ ನನ್ನ ಕಡೆ ತಿರುಗಿದರು. ನಾನು ಡಾಕ್ಟರು. ಎದುರಿಗಿದ್ದವರ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವಳೆಂದು ಈ ಹೋಬಳಿಯಲ್ಲಿ ನನಗೆ ಕೆಟ್ಟ ಹೆಸರಿದೆ. "ಹೌದು, ಚಳಿಗೇ" ಎಂದೆ.

ಆ ದಿನ ಸಂಜೆಯವರೆಗೆ ಬೆಕ್ಕು ಉಳಿಯುವ ಭರವಸೆ ನನಗಿರಲಿಲ್ಲ. ಅದನ್ನು ನನ್ನ ಕ್ವಾರ್ಟರ್ಸಿಗೆ ಒಯ್ದು ಆರಾರು ಗಂಟೆಗೆ ಔಷಧಿ ಹಾಕಿದೆ. ಬೆಳಿಗ್ಗೆ ಒಸಡಿನಲ್ಲಿ ಸ್ವಲ್ಪ ಕೆಂಪು ಕಂಡಿತು. ಬೆರಳಿಗೆ ಹಾಲು ಹಚ್ಚಿ ಮೂಗಿನ ಹತ್ತಿರ ಹಿಡಿದರೆ ನೆಕ್ಕಿತು. ನನಗೆ ಅಳು ಬಂತು. ನಿದ್ದೆಗೆಟ್ಟದ್ದಕ್ಕೆ ಇರಬೇಕು.

ಎಂಟು ಗಂಟೆಗೆ ಆಸ್ಪತ್ರೆಗೆ ಹೋದರೆ ಮೂಗಮ್ಮ ಆಗಲೇ ಜಗಲಿಯಲ್ಲಿ ಕೂತಿದ್ದರು. ಚಿಕ್ಕಮಾದಯ್ಯನವರು ಪಕ್ಕದಲ್ಲಿ ಪೊರಕೆ ಹಿಡಿದು, ಗುಡಿಸದೆ ನಿಂತಿದ್ದರು. ಮೂಗಮ್ಮನ ತೊಡೆಯ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಬೂದಿ ಹಾಲು ಕುಡಿಯಿತು ಎಂದೆ. ಅವರ ಕಣ್ಣು ತುಂಬಿತು. ಆದರೆ ಅದಕ್ಕಾಗಿ ಬಂದವರಲ್ಲ. ಡಬ್ಬಿಯನ್ನು ನನ್ನ ಕೈಗಿಟ್ಟರು. ಒಳಗೆ ಬಿಳಿಯ ಮಾತ್ರೆಗಳು.

"ರಾತ್ರಿಯೆಲ್ಲ ಯೋಚ್ನೆ ಮಾಡ್ದೆ ಕಣವ್ವ" ಎಂದರು. "ಚಳಿಗೆ ಸತ್ತೋಯ್ತು ಅಂದ್ರಲ್ಲ ಇಬ್ರೂವೆ. ದೊಡ್ಡಮಲ್ಲಮ್ಮೋರ ಬೆಕ್ಕಿಗೆ ನಾನು ಮಾತ್ರೆ ಕೊಟ್ಟಿದ್ದು ಯುಗಾದಿ ಆದ ವಾರ. ನೆಲ ಕಾದು ಕಾಲು ಸುಡ್ತಿತ್ತು. ಆಗೆಲ್ಲಿತ್ತು ಚಳಿ?"

ಚಿಕ್ಕಮಾದಯ್ಯನವರು ಪೊರಕೆಯನ್ನು ಗೋಡೆಗೆ ಒರಗಿಸಿದರು.

"ಅವರ ಮನೇಲಿ ಈಗ ಇನ್ನೊಂದು ಮರಿ ತಂದವ್ರೆ" ಎಂದರು ಮೂಗಮ್ಮ. "ಮೊನ್ನೆ ನಾಕು ಮಾತ್ರೆ ಒಯ್ದವ್ರೆ, ಚಳಿಗಾಲ, ಇರ್ಲಿ ಅಂತ. ನಾನೇ ಕೊಟ್ಟಿದ್ದು. ಓಗಿ ಏಳ್ಬೇಕು."

ಇದು ನನಗೆ ಹೊಳೆದಿರಲೇ ಇಲ್ಲ. ಒಂದು ಸುಳ್ಳು ಹೇಳಿ ದೊಡ್ಡ ಮನಸ್ಸು ತೋರಿಸಿದೆ ಎಂದುಕೊಂಡು ರಾತ್ರಿ ಕಳೆದಿದ್ದೆ. ಆ ಮಾತ್ರೆಗಳು ಎಷ್ಟು ಮನೆಗಳ ಗೂಡಿನಲ್ಲಿ ಕೂತಿವೆ ಎಂದು ಡಾಕ್ಟರಾದ ನಾನು ಯೋಚಿಸಲಿಲ್ಲ. ನಾಚಿಕೆಯಾಯಿತು.

"ನಾನೇ ಹೋಗಿ ಹೇಳ್ತೀನಿ, ನೀವು ಬರೋದು ಬೇಡ" ಎಂದೆ.

"ಬ್ಯಾಡ ಕಣವ್ವ. ಕೊಟ್ಟೋಳು ನಾನು."

"ಮತ್ತೆ ನಿನ್ನ ಅವ್ರು ಕರೆಯಕ್ಕಿಲ್ಲ ಕಣಮ್ಮಿ" ಎಂದರು ಚಿಕ್ಕಮಾದಯ್ಯ, ತೀರ ಮೆಲ್ಲಗೆ.

"ಕರೀದಿದ್ರೆ ಬುಡು" ಎಂದು ಮೂಗಮ್ಮ ಮಂಡಿ ಹಿಡಿದುಕೊಂಡು ಎದ್ದರು. "ನೀನು ಅದೇನೋ ಏಳ್ತೀಯಂತಲ್ಲ ಊರ್ಗೆಲ್ಲ, ಬೆರಳು ಮಡಿಸ್ಕಂಡು. ಅದ್ನ ನಂಗೂ ಒಂದ್ಸಲ ಏಳು. ಮೊದ್ಲಿಂದ."

ಚಿಕ್ಕಮಾದಯ್ಯನವರು ಹೆಂಡತಿಯನ್ನು ನೋಡಿದರು. ಆಮೇಲೆ ಎಡಗೈ ಎತ್ತಿ, ಸೊಟ್ಟ ಬೆರಳನ್ನು ಮಡಿಸಿದರು. "ಒಂದು, ನೆಲ ಒದ್ದೆ ಇರಬಾರ್ದು." ಮೂಗಮ್ಮ ಅದನ್ನೇ ಹೇಳಿದರು. "ಎರಡು, ಗೋಣಿಚೀಲ." ಮೂಗಮ್ಮ, ಎಷ್ಟು ಮಡಿಕೆ ಎಂದು ಕೇಳಿದರು. ಹೀಗೆ ಹೇಳುತ್ತಾ ಕೇಳುತ್ತಾ ಇಬ್ಬರೂ ರಸ್ತೆಗಿಳಿದರು.

ದೊಡ್ಡಮಲ್ಲಮ್ಮನ ಮನೆ ನಮ್ಮ ಜಗಲಿಗೆ ಕಾಣುತ್ತದೆ. ಇಬ್ಬರೂ ಹಿತ್ತಲ ಕಡೆಗೆ ತಿರುಗಲಿಲ್ಲ. ಮುಂಬಾಗಿಲ ಎದುರಿಗೆ ನಿಂತರು, ಮೂಗಮ್ಮ ಮುಂದೆ, ಚಿಕ್ಕಮಾದಯ್ಯನವರು ಒಂದು ಹೆಜ್ಜೆ ಹಿಂದೆ. ದೊಡ್ಡಮಲ್ಲಮ್ಮ ಮರಿಯನ್ನು ಎತ್ತಿಕೊಂಡೇ ಹೊರಗೆ ಬಂದರು. ಮೂಗಮ್ಮ ಏನೆಂದರೋ ನನಗೆ ಕೇಳಲಿಲ್ಲ. ದೊಡ್ಡಮಲ್ಲಮ್ಮ ಕೂಗಿದ್ದು ಮಾತ್ರ ಇಡೀ ಬೀದಿಗೆ ಕೇಳಿತು. "ನನ್ ಬೆಕ್ಕ ಕೊಂದ್ಬುಟ್ಯಲ್ಲೇ!"

ಅಕ್ಕಪಕ್ಕದ ಬಾಗಿಲುಗಳು ತೆರೆದವು. ಮೂಗಮ್ಮ ತಲೆ ತಗ್ಗಿಸಿದರು, ಆದರೆ ಹಿಂದಕ್ಕೆ ಸರಿಯಲಿಲ್ಲ. ದೊಡ್ಡಮಲ್ಲಮ್ಮ ದಡದಡ ಒಳಗೆ ಹೋಗಿ ಮಾತ್ರೆಗಳನ್ನು ತಂದು ಅವರ ಕಾಲ ಬಳಿ ಎಸೆದರು. ಮೂಗಮ್ಮ ಬಗ್ಗಿ ನಾಲ್ಕನ್ನೂ ಆಯ್ದು ಸೆರಗಿನ ತುದಿಗೆ ಕಟ್ಟಿಕೊಂಡರು. ಅಷ್ಟಕ್ಕೆ ಹೊರಡುತ್ತಾರೆಂದು ನಾನೂ ಅಂದುಕೊಂಡೆ, ದೊಡ್ಡಮಲ್ಲಮ್ಮನೂ ಅಂದುಕೊಂಡಿರಬೇಕು. ಬಾಗಿಲ ಕಡೆ ಅರ್ಧ ತಿರುಗಿದ್ದರು.

ಮೂಗಮ್ಮ ಕೈ ಎತ್ತಿ ಒಂದು ಬೆರಳು ಮಡಿಸಿದರು. ಎರಡನೆಯದನ್ನು ಮಡಿಸಿದರು. ಮೂರಕ್ಕೆ ದೊಡ್ಡಮಲ್ಲಮ್ಮ ಒಳಗೆ ಹೋಗುತ್ತಾರೆಂದು ಕಾದೆ, ಹೋಗಲಿಲ್ಲ. ಮರಿಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರು. ಐದಾದ ಮೇಲೆ ಒಂದು ಕೈಯ ಬೆರಳು ಮುಗಿದವು. ಉಳಿದದ್ದು ಮಾತ್ರೆಯ ಮಾತು. ಆರನೆಯದಕ್ಕೆ ಮೂಗಮ್ಮ ಇನ್ನೊಂದು ಕೈ ಎತ್ತಿದರು.